ಡೀಸೆಲ್ ಕಾರಿಗೆ ಬುಸುಗುಟ್ಟುವ ವಾಲ್ವು

ಆ ಸದ್ದನ್ನು ನಾನು ಮೊದಲ ಸಲ ಕೇಳಿದ್ದು ಜರ್ಮನಿಯ ಸಿಂಡೆಲ್‌ಫಿಂಗೆನ್ನಿನ ಅಂಚಿನಲ್ಲಿ, ಮನೆ ರಿಪೇರಿ ಸಾಮಾನು ಮಾರುವ ಬೌಮಾರ್ಕ್ಟ್ ಒಂದರ ಪಾರ್ಕಿಂಗ್ ಜಾಗದಲ್ಲಿ. ಭಾನುವಾರವಾದ್ದರಿಂದ ಅಂಗಡಿ ಮುಚ್ಚಿತ್ತು. ಹಳೆಯ ಕೆಂಪು ಕಾರೊಂದು ಆ ಖಾಲಿ ಜಾಗದಲ್ಲಿ ಸುತ್ತು ಹೊಡೆದು, ಗೇರು ಬದಲಿಸಿದಾಗಲೆಲ್ಲ ಜೋರಾಗಿ ಬುಸುಗುಟ್ಟಿ, ಕೊನೆಗೆ ನಮ್ಮ ಮುಂದೆ ಬಂದು ನಿಂತಿತು. ಅದರಿಂದ ಇಳಿದವನು ನಮ್ಮವರ ಆಫೀಸಿನ ಗೆಳೆಯ. ಬೆಂಗಳೂರಿನವನು, ಮದುವೆಯಾಗಿರಲಿಲ್ಲ, ನಮ್ಮವರಿಗಿಂತ ನಾಲ್ಕೈದು ವರ್ಷ ದೊಡ್ಡವನು. ಎಲ್ಲರೂ ಅವನನ್ನು ಗುರು ಎನ್ನುತ್ತಿದ್ದರು. ಅದು ಅವನ ಹೆಸರಲ್ಲ. ಅವನೇ ಕಂಡಕಂಡವರನ್ನೆಲ್ಲ ಗುರು ಎಂದು ಕರೆಯುತ್ತಿದ್ದ, ಆ ಮಾತು ತಿರುಗಿ ಅವನಿಗೇ ಅಂಟಿಕೊಂಡಿತ್ತು.

ಹೇಗಿದೆ ಅತ್ತಿಗೆ ಎಂದು ಕೇಳಿದ. ಟೈರಿನ ಗಾಳಿ ಹೋದಂತೆ ಕೇಳಿಸುತ್ತದೆ ಎಂದೆ. ಅವನೂ ಅಲ್ಲಿ ನಿಂತಿದ್ದ ಉಳಿದ ಗೆಳೆಯರೂ ನಕ್ಕರು. ಹೆಂಗಸು ಹೀಗೇ ಹೇಳುತ್ತಾಳೆ ಎಂದು ಮೊದಲೇ ಬಲ್ಲವರ ನಗು ಅದು. ನಮ್ಮವರು ಮಾತ್ರ ನಗಲಿಲ್ಲ. ಬಾನೆಟ್ಟು ಎತ್ತಿಸಿ, ಒಳಗೆ ಹೊಳೆಯುತ್ತಿದ್ದ ಅಲ್ಯೂಮಿನಿಯಮ್ಮಿನ ಪುಟ್ಟ ಕಹಳೆಯನ್ನು ದೇವರ ಮೂರ್ತಿ ನೋಡುವ ಹಾಗೆ ಬಗ್ಗಿ ನೋಡುತ್ತಿದ್ದರು. ರೋಗ ತಗುಲಿದ್ದು ಆವತ್ತೇ.

ಅದು ಗ್ರೀನ್ ಕಾರ್ಡಿನ ಕಾಲ. ಕಂಪ್ಯೂಟರ್ ಬಲ್ಲವರು ಬೇಕೆಂದು ಜರ್ಮನಿ ಕರೆದಿತ್ತು, ನಮ್ಮವರು ಬಂದಿದ್ದರು, ಮದುವೆಯಾದ ಮೇಲೆ ನಾನೂ ಬಂದೆ. ಅವರದು ಮೈಸೂರು, ನನ್ನದು ಗದಗ. ಅವರು ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ನಾನು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿ, ಮದುವೆಯಾಗುವ ತನಕ ಪುಣೆಯ ಕಂಪನಿಯೊಂದರಲ್ಲಿ ಡೀಸೆಲ್ ಎಂಜಿನ್ನುಗಳನ್ನು ಟೆಸ್ಟ್ ಬೆಂಚಿನ ಮೇಲೆ ಓಡಿಸಿ ಅಳೆಯುವ ಕೆಲಸ ಮಾಡಿದವಳು. ಟರ್ಬೊ ಅಂದರೆ ನನಗೆ ಕಾರಿನ ಹಿಂದೆ ಅಂಟಿಸುವ ಬೆಳ್ಳಿಯ ಅಕ್ಷರಗಳಲ್ಲ, ಎರಡು ಸಲ ಕೈ ಸುಟ್ಟುಕೊಂಡ ವಸ್ತು. ಆದರೆ ಗ್ರೀನ್ ಕಾರ್ಡ್ ಗಂಡನಿಗೆ. ಹೆಂಡತಿಗೆ ಸಿಕ್ಕಿದ್ದು, ಇಂತಿಷ್ಟು ಕಾಲ ಈಕೆ ಕೆಲಸ ಮಾಡುವಂತಿಲ್ಲ ಎಂಬ ವೀಸಾ. ಹೀಗಾಗಿ ಬೆಳಿಗ್ಗೆ ಜರ್ಮನ್ ಕ್ಲಾಸು, ಮಧ್ಯಾಹ್ನ ಮನೆ, ನಮ್ಮ ಸರದಿಯ ವಾರ ಬಂದರೆ ಇಡೀ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಕೇರ್‌ವೋಖೆ, ಭಾನುವಾರ ಬಂದರೆ ನಮ್ಮವರ ಬ್ರಹ್ಮಚಾರಿ ಗೆಳೆಯರಿಗೆ ಚಪಾತಿ. ಅವರು ಚಪಾತಿ ಮುರಿಯುತ್ತ ಎಂಜಿನ್ನಿನ ಬಗ್ಗೆ ಮಾತಾಡುತ್ತಿದ್ದರು. ನಾನು ಒಲೆಯ ಮುಂದೆ ನಿಂತು ಆ ಮಾತುಗಳನ್ನು ಕೇಳುತ್ತಿದ್ದೆ. ಅಷ್ಟು ತಪ್ಪುಗಳನ್ನು ಅಷ್ಟು ಗಂಭೀರವಾಗಿ ಹೇಳುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಆ ಕಹಳೆ ಅಸಲಿಗೆ ಒಂದು ವಾಲ್ವು, ಅದರ ಕೆಲಸ ದೊಡ್ಡ ವಿದ್ಯೆಯೇನಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವ ದಾರಿಗೆ ಒಂದು ಬಾಗಿಲಿರುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಒತ್ತಿ ಕಳಿಸಿದ ಗಾಳಿ ಮುಂದೆ ಹೋಗಲಾರದೆ ಹಿಂದಕ್ಕೆ ಹೊಡೆಯುತ್ತದೆ. ಆ ಗಾಳಿಯನ್ನು ಬಿಡಿಸಲು ಒಂದು ವಾಲ್ವು. ಕಾರು ತಯಾರಿಸುವವರೇ ಅದನ್ನು ಇಟ್ಟಿರುತ್ತಾರೆ. ಗಾಳಿಯನ್ನು ಸದ್ದಿಲ್ಲದೆ ಮತ್ತೆ ಎಂಜಿನ್ನಿನ ದಾರಿಗೇ ತಿರುಗಿಸುತ್ತಾರೆ. ಅದನ್ನು ಕಿತ್ತು, ಗಾಳಿಯನ್ನು ಬೀದಿಗೆ ಊದುವ ಕಹಳೆ ಹಾಕಿಸಿಕೊಳ್ಳುವುದು ಗುರುವಿನಂಥವರ ಶೋಕಿ. ಇನ್ನು ಆ ಕಾಲದ ಡೀಸೆಲ್ ಎಂಜಿನ್ನಿನಲ್ಲಿ ಆ ಬಾಗಿಲೇ ಇರಲಿಲ್ಲ. ಕಾಲು ತೆಗೆದರೂ ಗಾಳಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಬಿಡಿಸಲು ಏನೂ ಇಲ್ಲದ ಕಡೆ ಬಿಡಿಸುವ ವಾಲ್ವು ಯಾಕೆ?

ನಮ್ಮವರು ಕೊಂಡದ್ದು ಡೀಸೆಲ್ ಕಾರು. ಕೊಂಬಿ ಎನ್ನುತ್ತಾರಲ್ಲ, ಬೆನ್ನು ಉದ್ದವಿರುವ, ಮಕ್ಕಳ ತಳ್ಳುಗಾಡಿ, ತರಕಾರಿ, ಅತ್ತೆ ಮಾವ ಎಲ್ಲ ಹಿಡಿಸುವ ಸಂಸಾರಸ್ಥರ ಕಾರು. ಮೊದಲಿನ ಯಜಮಾನ ಒಬ್ಬ ನಿವೃತ್ತ ಮೇಷ್ಟ್ರು, ಸೀಟಿನ ಮೇಲೆ ಒಂದು ಕಲೆಯಿರಲಿಲ್ಲ. ಒಳ್ಳೆಯ ಎಂಜಿನ್. ನಾನು ಕಿವಿಯಿಟ್ಟು ಕೇಳಿ, ತೊಗೋರಿ ಎಂದಿದ್ದೆ. ಕಾರಿನ ವಿಷಯದಲ್ಲಿ ಅವರು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಗುರು ಇಂಗ್ಲೆಂಡಿನಿಂದ ಒಂದು ಪೊಟ್ಟಣ ತರಿಸಿಕೊಟ್ಟ. ಡೀಸೆಲ್ ಕಾರಿಗೂ ಆ ಸದ್ದು ಬೇಕೆನ್ನುವವರು ಲೋಕದಲ್ಲಿ ಸಾಕಷ್ಟಿದ್ದರೆಂದು ಕಾಣುತ್ತದೆ, ಅಂಥವರಿಗಾಗಿಯೇ ಮಾಡಿದ ಸಾಮಾನು. ಆಕ್ಸಿಲರೇಟರ್ ಪೆಡಲಿನ ಹಿಂದೆ ಒಂದು ಸಣ್ಣ ಸ್ವಿಚ್ಚು; ಕಾಲು ತೆಗೆದ ಕೂಡಲೇ ಕರೆಂಟು ಹರಿದು ವಾಲ್ವು ತೆರೆಯುತ್ತದೆ, ಬುಸ್ ಎನ್ನುತ್ತದೆ. ಎಂಜಿನ್ನಿಗೆ ಅದರಿಂದ ಆಗುವ ಉಪಕಾರ ಏನೂ ಇಲ್ಲ. ಮನೆಗೆ ಬಾಗಿಲೇ ಇಲ್ಲದಿದ್ದರೂ ಕರೆಗಂಟೆ ಹಾಕಿಸಿ, ತಾನೇ ಒತ್ತಿಕೊಂಡು, ಯಾರೋ ಬಂದರು ಎಂದು ಸಂಭ್ರಮ ಪಡುವ ಬುದ್ಧಿ.

ಊಟಕ್ಕೆ ಕೂತಾಗ ನಾನು ಒಂದೇ ಸಲ ಹೇಳಿದೆ.

“ಡೀಸೆಲ್ ಗಾಡಿಗಿ ಅದು ಬೇಕಾಗಂಗಿಲ್ರೀ. ಬರೇ ಸಪ್ಪಳ ಬರ್ತೈತಿ, ಮತ್ತೇನಿಲ್ಲ. ಇದ್ದ ಗಾಳಿನೂ ಹೊರಗ ಹೋಗ್ತೈತಿ.”

ಅವರು ಸಾರಿನ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. “ನೀನು ಪುಣೇಲಿ ನೋಡಿದ್ದು ಲಾರಿ ಎಂಜಿನ್ ಕಣೇ. ಇದು ಬೇರೆ ಟೆಕ್ನಾಲಜಿ” ಅಂದರು.

ನಾನು ಪುಣೆಯಲ್ಲಿ ನೋಡಿದ್ದು ಯಾವ ಎಂಜಿನ್ ಎಂದು ಅವರು ಅಲ್ಲಿಯ ತನಕ ಒಮ್ಮೆಯೂ ಕೇಳಿರಲಿಲ್ಲ. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಅದನ್ನು ಜೋಡಿಸಿದ್ದು ಬಾಡಿಗೆ ವರ್ಕ್‌ಶಾಪಿನಲ್ಲಿ. ಅಲ್ಲಿ ಲಿಫ್ಟು, ಪಾನಾ ಎಲ್ಲ ಗಂಟೆಯ ಲೆಕ್ಕಕ್ಕೆ ಸಿಗುತ್ತಿದ್ದವು, ಕೆಲಸ ನಾವೇ ಮಾಡಿಕೊಳ್ಳಬೇಕು. ನನ್ನನ್ನೂ ಕರೆದೊಯ್ದರು. ಪುಳಿಯೋಗರೆ ಡಬ್ಬಿ ಹೊರಲು ಒಬ್ಬರು ಬೇಕಿತ್ತಲ್ಲ. ವರ್ಕ್‌ಶಾಪಿನ ಮಾಲೀಕ, ಸಣ್ಣ ಕಣ್ಣಿನ ಸ್ಥೂಲ ಮನುಷ್ಯ, ಪೊಟ್ಟಣದೊಳಗಿನ ಕಹಳೆಯನ್ನು ನೋಡಿದ, ಕಾರನ್ನು ನೋಡಿದ. ಡೀಸೆಲ್ಲಾ ಎಂದು ಕೇಳಿದ. ಹೌದು ಎಂದರು ನಮ್ಮವರು. ಅವನು ಎರಡನೆಯ ಲಿಫ್ಟು ಖಾಲಿ ಇದೆ ಎಂದು ಬೆರಳು ತೋರಿಸಿ ಹೋಗಿಬಿಟ್ಟ. ಅವನಿಗೆ ಗೊತ್ತಿತ್ತು. ಆದರೆ ಗಿರಾಕಿಯ ಮೂರ್ಖತನ ಅವನ ಅನ್ನ. ಅವನ ಮೇಲೂ ನನಗೆ ಗೌರವ ಉಳಿಯಲಿಲ್ಲ.

ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳು ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಒಂದು ಒಳ್ಳೆಯ ರಬ್ಬರ್ ಪೈಪನ್ನು ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಕೊಯ್ದರು. ನಡುವೆ ಮೂರು ಬಾಯಿಯ ಜೋಡಣೆ ಕೂರಿಸಿ, ಮೂರನೆಯ ಬಾಯಿಗೆ ಒಂದು ಗೇಣಿಗೂ ಕಡಿಮೆ ಉದ್ದದ ಪೈಪು, ಅದರ ತುದಿಗೆ ವಾಲ್ವು. ಗುರು ಕ್ಲಾಂಪು ಬಿಗಿಯುವಾಗ ಪ್ರತಿ ಸುತ್ತಿಗೂ ಸಾಕಾ ಮಗಾ ಎನ್ನುತ್ತಿದ್ದ, ನಮ್ಮವರು ಇನ್ನೊಂಚೂರು ಗುರು ಎನ್ನುತ್ತಿದ್ದರು. ವಾಲ್ವನ್ನು ಅವರು ಕೂರಿಸಿದ ಜಾಗ ಚಕ್ರದ ಪಕ್ಕದಲ್ಲಿ, ಕೆಳಗೆ, ರಸ್ತೆಯ ನೀರು ನೇರವಾಗಿ ಹಾರುವ ಕಡೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಇದು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ ಎಂದೆ. ಅದು ಸ್ಟೇನ್‌ಲೆಸ್ಸು ಎಂದ ಗುರು. ಅದು ಅಲ್ಯೂಮಿನಿಯಮ್ಮು. ನಾನು ಡಬ್ಬಿ ತೆರೆದು ಪುಳಿಯೋಗರೆ ಹಂಚಿದೆ.

ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಅದನ್ನು ಹಾಕಿಸಿಕೊಂಡ ಮೇಲೆ ನಮ್ಮವರ ಡ್ರೈವಿಂಗೇ ಬೇರೆಯಾಯಿತು. ಸದ್ದು ಬರಬೇಕೆಂದರೆ ಕಾಲು ಒತ್ತಿ ಒತ್ತಿ ಬಿಡಬೇಕು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಮ್ಮ ಸಂಸಾರದ ಕಾರು ಹಾವಾಡಿಗನ ಬುಟ್ಟಿಯಂತೆ ಹೋಗುತ್ತಿತ್ತು. ಪಕ್ಕದಲ್ಲಿ ಹದಿಹರೆಯದ ಹುಡುಗರ ಕಾರು ನಿಂತರೆ ಇವರ ಬೆನ್ನು ನೆಟ್ಟಗಾಗುತ್ತಿತ್ತು. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ನಮ್ಮ ಕೆಳಗಿನ ಮನೆಯ ಮುದುಕಿ, ಮೆಟ್ಟಿಲ ಮೂಲೆಯಲ್ಲಿ ಒಂದು ಕೂದಲೆಳೆ ಉಳಿದರೂ ಬೆಲ್ಲು ಒತ್ತಿ ತೋರಿಸುವವಳು, ಒಂದು ದಿನ ನನ್ನನ್ನು ತಡೆದು, ನಿಮ್ಮ ಕಾರಿಗೆ ಬಸ್ಸಿನ ಬ್ರೇಕು ಯಾಕೆ ಹಾಕಿಸಿದ್ದೀರಿ ಎಂದು ಕೇಳಿದಳು. ಗೇಲಿಯಲ್ಲ, ನಿಜವಾಗಿಯೇ ಕೇಳಿದ್ದು. ಉತ್ತರ ಹೇಳುವಷ್ಟು ಜರ್ಮನ್ ನನಗೆ ಬರುತ್ತಿತ್ತು. ಹೇಳಲಿಲ್ಲ. ಗಂಡನಿಗೆ ಸದ್ದು ಇಷ್ಟ ಎಂದು ಬಾಯಿಬಿಟ್ಟು ಹೇಳುವುದು ಯಾವ ಭಾಷೆಯಲ್ಲಾದರೂ ಕಷ್ಟವೇ.

ಚಳಿಗಾಲ ಕಳೆದು ಯುಗಾದಿ ಬಂತು. ಉಲ್ಮಿನಲ್ಲಿ ಚರ್ಚೊಂದರ ಸಭಾಂಗಣ ಬಾಡಿಗೆಗೆ ಹಿಡಿದು ಸುತ್ತಮುತ್ತಲಿನ ಕನ್ನಡದವರೆಲ್ಲ ಸೇರುವುದೆಂದಾಯಿತು. ನಮ್ಮದು ಉದ್ದನೆಯ ಕಾರಾದ್ದರಿಂದ ಬಿಸಿಬೇಳೆಬಾತಿನ ಪಾತ್ರೆ, ಪೂರಿಯ ಹಿಟ್ಟು, ಅಲ್ಲೇ ಲಟ್ಟಿಸಲು ಮಣೆ ಲಟ್ಟಣಿಗೆಗಳು, ಎಣ್ಣೆಯ ಬಾಣಲೆ ಎಲ್ಲ ನಮ್ಮ ಪಾಲಿಗೆ ಬಂದವು. ಪಾತ್ರೆ ಅಲುಗದ ಹಾಗೆ ಹಿಡಿದುಕೊಳ್ಳಲು ಹಿಂದಿನ ಸೀಟಿನಲ್ಲಿ ಗುರು. ಅವನ ಕೆಂಪು ಕಾರು ರಿಪೇರಿಯಲ್ಲಿತ್ತು. ಅದು ಬಹುಪಾಲು ಅಲ್ಲೇ ಇರುತ್ತಿತ್ತು. ನಾನು ಇಳಕಲ್ ಸೀರೆ ಉಟ್ಟು ಮೇಲೆ ಚಳಿಯ ಕೋಟು ಹಾಕಿಕೊಂಡಿದ್ದೆ. ಹೊರಗೆ ಹಸಿ ಹಿಮ ಉದುರುತ್ತಿತ್ತು.

ಆಟೋಬಾನ್ ಉಲ್ಮ್ ಕಡೆಗೆ ಒಂದು ದೊಡ್ಡ ಏರು ಹತ್ತುತ್ತದೆ. ಅದರ ಅರ್ಧಕ್ಕೆ ಹೋಗುವಷ್ಟರಲ್ಲಿ ಕಾರು ಬುಸ್ ಎಂದದ್ದನ್ನು ನಿಲ್ಲಿಸಲೇ ಇಲ್ಲ. ಒಂದೇ ಸಮನೆ ಬುಸುಗುಟ್ಟತೊಡಗಿತು. ಶಕ್ತಿ ಇಳಿಯಿತು. ನಮ್ಮವರು ಕಾಲು ಒತ್ತಿದಷ್ಟೂ ಹಿಂದೆ ಕಪ್ಪು ಹೊಗೆ, ಮುಂದೆ ನಡಿಗೆಯ ವೇಗ. ಲಾರಿಗಳು ಹಾರ್ನು ಹೊಡೆದು ಸುತ್ತಿಕೊಂಡು ಹೋದವು. ಹೇಗೋ ಎಳೆದು ಅಂಚಿಗೆ ತಂದು ನಿಲ್ಲಿಸಿದರು.

ಒಂದ್ಸಲ ಆಫ್ ಮಾಡಿ ಆನ್ ಮಾಡು ಮಗಾ ಎಂದ ಗುರು. ನಮ್ಮವರು ಆಫ್ ಮಾಡಿ ಆನ್ ಮಾಡಿದರು. ಮತ್ತೊಮ್ಮೆ ಮಾಡಿದರು. ಇಬ್ಬರೂ ಇಳಿದು ಬಾನೆಟ್ಟು ಎತ್ತಿ, ತಮ್ಮ ಕೈಯಾರೆ ಜೋಡಿಸಿದ್ದನ್ನು ಮೊದಲ ಸಲ ನೋಡುವವರಂತೆ ನಿಂತರು. ಗುರು ಫೋನು ತೆಗೆದು ಸಹಾಯಕ್ಕೆ ಯಾರನ್ನು ಕರೆಯಬೇಕೆಂದು ಯೋಚಿಸತೊಡಗಿದ. ನಮ್ಮವರು ಹಿಮದಲ್ಲಿ ನೆನೆಯುತ್ತ, ಎಂಜಿನ್ ಹೋಯ್ತು ಅನ್ಸತ್ತೆ ಎಂದರು.

ನಾನು ಇಳಿದೆ. “ಸರೀರಿ” ಎಂದೆ. ಇಬ್ಬರೂ ಸರಿದರು.

ಮೊದಲು ವಾಲ್ವಿಗೆ ಹೋಗುವ ತಂತಿ ಕಿತ್ತೆ. ಸ್ವಿಚ್ಚಿನ ದೋಷವಾಗಿದ್ದರೆ ಅದು ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ. ಇಡೀ ಚಳಿಗಾಲದ ಉಪ್ಪು, ಕೆಸರು ಸೇರಿ ಒಳಗಿನ ಪಿಸ್ಟನ್ನು ತೆರೆದ ಸ್ಥಿತಿಯಲ್ಲೇ ಕಚ್ಚಿಕೊಂಡಿತ್ತು. ಟರ್ಬೊ ಕೊಟ್ಟ ಗಾಳಿಯೆಲ್ಲ ರಸ್ತೆಯ ಪಾಲಾಗುತ್ತಿತ್ತು. ಡೀಸೆಲ್ ಮಾತ್ರ ಲೆಕ್ಕದಂತೆ ಬಂದು ಅರೆಬೆಂದು ಹೊಗೆಯಾಗುತ್ತಿತ್ತು. ಕಾರಿನ ಸ್ಕ್ರೂಡ್ರೈವರಿನಿಂದ ಕ್ಲಾಂಪು ಸಡಿಲಿಸಿ ವಾಲ್ವನ್ನು ಎಳೆದು ತೆಗೆದೆ. ಈಗ ಪೈಪಿನ ತೆರೆದ ಬಾಯಿಗೆ ಬಿರಡೆ ಬೇಕು. ಟೆಸ್ಟ್ ಬೆಂಚಿನಲ್ಲಿ ನಾವು ಇಂಥದ್ದಕ್ಕೆ ಮರದ ಗೂಟ ಇಟ್ಟುಕೊಂಡಿರುತ್ತಿದ್ದೆವು. ಹಿಂದಿನ ಬಾಗಿಲು ತೆಗೆದು ಲಟ್ಟಣಿಗೆಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ನನ್ನದು ದಪ್ಪವಾಯಿತು. ಯಾರದೋ ಒಂದು, ನಡುವೆ ದಪ್ಪವಾಗಿ ತುದಿಗೆ ಸಪೂರವಾಗಿದ್ದದ್ದು, ಸರಿಯಾಗಿ ಕೂತಿತು. ಒತ್ತಿ ತೂರಿಸಿ, ಕ್ಲಾಂಪು ಬಿಗಿದು, ಉಳಿದ ಉದ್ದವನ್ನು ಬೆಲ್ಟಿಗೆ ತಾಗದ ಹಾಗೆ ಕೋಟಿನ ಪಟ್ಟಿಯಿಂದ ಕಟ್ಟಿದೆ. ಸೀರೆಯ ಸೆರಗಿಗೆ ಗ್ರೀಸು ಬಳಿಯಿತು.

“ಹೊಡೀರಿ ಗಾಡಿ” ಎಂದೆ.

ಕಾರು ಏರು ಹತ್ತಿತು. ಮೇಷ್ಟ್ರು ಮಾರಿದ ದಿನ ಹೇಗಿತ್ತೋ ಹಾಗೆ, ಸದ್ದಿಲ್ಲದೆ. ಉಲ್ಮ್ ಬರುವ ತನಕ ಇಬ್ಬರೂ ಮಾತಾಡಲಿಲ್ಲ. ಆ ಮೌನದಲ್ಲಿ ಏನಾದರೂ ಇದ್ದೀತೆಂದು ನಾನು ಕಾದೆ.

ಸಭಾಂಗಣದಲ್ಲಿ ಗೊತ್ತಾಯಿತು ಏನಿತ್ತೆಂದು. ಗುರು ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು, ನಾವು ಹೀಗೆ ಲಟ್ಟಣಿಗೆ ಹಾಕಿ ಅಡ್ಜಸ್ಟ್ ಮಾಡಿದ್ವಿ ಎಂದು ಕತೆ ಶುರು ಮಾಡಿದ. ನಾವು. ಕತೆ ಸಭಾಂಗಣದ ಆ ತುದಿಗೆ ಹೋಗುವಷ್ಟರಲ್ಲಿ ಐಡಿಯಾ ಯಾರದೆಂದು ಯಾರೋ ಕೇಳಿದರು. ಸುಮ್ನೆ ಹೊಳೀತು ಎಂದ. ಪಕ್ಕದಲ್ಲಿದ್ದ ನಮ್ಮವರು ನಗುತ್ತ ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಒಬ್ಬರೇ, ಆ ಲಟ್ಟಣಿಗೆಯ ಒಡತಿ, ಅಲ್ಲಿಯ ಕನ್ನಡದವರಲ್ಲಿ ಹಿರಿಯ ಹೆಂಗಸು. ಅದು ಅವರ ತಾಯಿ ಕೊಟ್ಟದ್ದಂತೆ. ಈಗಿಂದೀಗ ಬೇಕೆಂದರು. ತೆಗೆದರೆ ನಾವು ಮನೆಗೆ ಹೋಗುವಂತಿಲ್ಲ ಎಂದು ನಾನು ಹೇಳಿದ್ದಕ್ಕೆ, ಕಾರಿನ ಕೆಲಸ ಗಂಡಸರಿಗೆ ಬಿಟ್ಟು ನೀನು ಲಟ್ಟಣಿಗೆ ನೋಡಿಕೊಳ್ಳಬೇಕಿತ್ತಮ್ಮ ಎಂದರು. ಆಮೇಲೆ ತಿಂಗಳುಗಟ್ಟಲೆ ಅವರು ನನ್ನೊಂದಿಗೆ ಮಾತಾಡಲಿಲ್ಲ. ನನಗೆ ನಷ್ಟವಾಗಲಿಲ್ಲ.

ಮುಂದಿನ ವಾರ ನಮ್ಮವರು ಹೊಸ ಪೈಪು ತರಿಸಿದರು, ನಾನು ಹಾಕಿದೆ. ಕಹಳೆ ಒಂದು ಡಬ್ಬದಲ್ಲಿ ನೆಲಮಾಳಿಗೆಗೆ ಹೋಯಿತು.

ಅಷ್ಟರಲ್ಲಿ ಸಾಫ್ಟ್‌ವೇರಿನ ಗಾಳಿಯೂ ಇಳಿದಿತ್ತು. ಕಂಪನಿಗಳು ಒಂದೊಂದಾಗಿ ಜನರನ್ನು ತೆಗೆಯತೊಡಗಿದವು. ಗುರುವಿನ ಕೆಲಸ ಹೋಯಿತು. ಗ್ರೀನ್ ಕಾರ್ಡ್ ಕೈಯಲ್ಲಿದ್ದರೂ ಕೆಲಸವಿಲ್ಲದೆ ಅದು ಎಷ್ಟು ದಿನ? ಬೇರೆ ಕೆಲಸ ಹುಡುಕಿದ, ಸಿಗಲಿಲ್ಲ, ಊರಿಗೆ ಹೊರಟ. ಕೆಂಪು ಕಾರನ್ನು ಯಾರೋ ಬಿಡಿಭಾಗಗಳಿಗೆಂದು ಎತ್ತಿಕೊಂಡು ಹೋದರು. ವಿಮಾನ ನಿಲ್ದಾಣಕ್ಕೆ ನಾವೇ ಬಿಟ್ಟೆವು. ನಮ್ಮವರು ಟ್ರಾಲಿ ತರಲು ಹೋದಾಗ ಅವನು ಪೆಟ್ಟಿಗೆಗಳ ಪಕ್ಕದಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದ.

“ಅತ್ತಿಗೆ, ಡೀಸೆಲ್‌ಗೆ ಅದು ಬರೀ ಸೌಂಡು ಅಂತ ನಂಗೆ ಮೊದ್ಲೇ ಗೊತ್ತಿತ್ತು. ಅವ್ನು ಅಷ್ಟು ಆಸೆಯಿಂದ ಕೇಳ್ದ. ಬೇಡ ಅನ್ನಕ್ಕೆ ಮನಸ್ಸಾಗ್ಲಿಲ್ಲ.”

ಆ ಮಾತಿಗೆ ನನಗೆ ಮರುಕ ಬರಬೇಕಿತ್ತೇನೋ. ಕೆಲಸ ಕಳೆದುಕೊಂಡು ಊರಿಗೆ ಹೋಗುತ್ತಿದ್ದವನು. ಬರಲಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಮೂರ್ಖ ಎಂದು ಕ್ಷಮಿಸಬಹುದಿತ್ತು. ಇವನು ಗೊತ್ತಿದ್ದೂ ಪೈಪು ಕೊಯ್ದವನು, ಗೊತ್ತಿದ್ದೂ ನನ್ನ ಐಡಿಯಾ ತನ್ನದೆಂದವನು. ನಾನು ಹುಷಾರಾಗಿ ಹೋಗಿ ಬನ್ನಿ ಎಂದೆ, ಅಷ್ಟೇ.

ವಾಪಸು ಬರುವಾಗ ಕಾರಿನಲ್ಲಿ ಅದನ್ನು ನಮ್ಮವರಿಗೆ ಹೇಳಿದೆ. ನೋವಾಗಲಿ ಎಂದೇ ಹೇಳಿದೆ.

“ನಂಗೂ ಗೊತ್ತಿತ್ತು” ಅಂದರು.

ಯಾವಾಗಿನಿಂದ ಎಂದು ಕೇಳಿದೆ. ನಾನು ಊಟದ ಹೊತ್ತಿನಲ್ಲಿ ಹೇಳಿದ ದಿನವೇ ಇಂಟರ್ನೆಟ್ಟಿನಲ್ಲಿ ಓದಿ ನೋಡಿದ್ದರಂತೆ. ನಾನು ಹೇಳಿದ್ದೇ ಸರಿ ಎಂದು ಅಲ್ಲಿತ್ತಂತೆ. ಆದರೆ ಪೊಟ್ಟಣ ಆಗಲೇ ಬಂದಿತ್ತು, ಗುರು ಅಷ್ಟು ಹುಮ್ಮಸ್ಸಿನಿಂದ ತರಿಸಿದ್ದ, ಬೇಡ ಎಂದರೆ ಅವನಿಗೆ ಬೇಜಾರಾಗುತ್ತಿತ್ತಂತೆ.

“ಹಂಗಾರ ನನಗ ಯಾಕ ಲಾರಿ ಎಂಜಿನ್ ಅಂದ್ರಿ?”

ನಮ್ಮ ತಿರುವು ಬಂತು, ಇಂಡಿಕೇಟರ್ ಹಾಕಿದರು.

ಹಾಗಾದರೆ ಅದು ಬರೀ ಸದ್ದು ಎಂದು ಗೊತ್ತಿಲ್ಲದವರು ಆ ಇಡೀ ವ್ಯವಹಾರದಲ್ಲಿ ಯಾರೂ ಇರಲಿಲ್ಲ. ವರ್ಕ್‌ಶಾಪಿನವನಿಗೆ ಗೊತ್ತಿತ್ತು, ಗುರುವಿಗೆ ಗೊತ್ತಿತ್ತು, ನಮ್ಮವರಿಗೆ ಗೊತ್ತಿತ್ತು. ಇಬ್ಬರು ಗಂಡಸರು ಒಬ್ಬರ ಮನಸ್ಸನ್ನು ಒಬ್ಬರು ನೋಯಿಸಬಾರದೆಂದು ಒಂದು ಒಳ್ಳೆಯ ಎಂಜಿನ್ನನ್ನು ಕೆಡಿಸಿದ್ದರು. ಈ ಕತೆ ಕೇಳಿದವರು ಎಷ್ಟೋ ಜನ, ಎಂಥ ಸ್ನೇಹ ನೋಡಿ ಎನ್ನುತ್ತಾರೆ. ನಮ್ಮ ನಾದಿನಿ ಕಣ್ಣು ಒದ್ದೆ ಮಾಡಿಕೊಂಡಿದ್ದೂ ಉಂಟು. ಅವರ ಆ ಕೋಮಲ ಮನಸ್ಸಿನಲ್ಲಿ ಬೇಜಾರಾಗಬಾರದವರ ಪಟ್ಟಿಯಲ್ಲಿ ನಾನೊಬ್ಬಳು ಇರಲಿಲ್ಲ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾಯುವ ಅವಧಿ ಮುಗಿದು ನನಗೆ ಕೆಲಸದ ಪರವಾನಗಿ ಬಂತು. ಬ್ಯೋಬ್ಲಿಂಗೆನ್ ಕಡೆಯ ಸಣ್ಣ ಕಂಪನಿಯೊಂದರಲ್ಲಿ ಎಂಜಿನ್ ಪರೀಕ್ಷೆಯ ಕೆಲಸ ಸಿಕ್ಕಿತು. ಮೊದಲ ದಿನ ಅಲ್ಲಿಯ ಮುಖ್ಯಸ್ಥ ನನ್ನನ್ನು ಒಂದು ಡೀಸೆಲ್ ಎಂಜಿನ್ನಿನ ಮುಂದೆ ನಿಲ್ಲಿಸಿ, ಇದರ ಸದ್ದಿನಲ್ಲಿ ಏನು ತಪ್ಪಿದೆ ಎಂದು ಕೇಳಿದ. ಕೇಳಿ ಹೇಳಿದೆ. ಅವನು ಬರೆದುಕೊಂಡು ಮುಂದಿನ ಎಂಜಿನ್ನಿನ ಕಡೆಗೆ ನಡೆದ. ಹೊಗಳಲೂ ಇಲ್ಲ, ನಗಲೂ ಇಲ್ಲ. ಮನೆಗೆ ಬಂದಾಗ ನಮ್ಮವರು ಹೇಗಿತ್ತು ಕೆಲಸ ಎಂದು ಕೇಳಿದರು. ಚೆನ್ನಾಗಿತ್ತು ಎಂದೆ. ಏನು ಮಾಡಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಹಸಿವಾಗಿತ್ತು. ಆವತ್ತು ಅನ್ನಕ್ಕೆ ಇಡುವಂತೆ ಅವರಿಗೇ ಹೇಳಿ, ನಾನು ಕಾಲು ಚಾಚಿ ಕೂತೆ.